ಮೀಟರ್ ತಪ್ಪೋ, ಫ್ಯಾನ್ ತಪ್ಪೋ: ಮೂರನೇ ವಾರದ ವರದಿ

ಎಸ್‌ಪಿ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ಎಚ್‌ಪಿ 34401ಎ ಮಲ್ಟಿಮೀಟರ್ ಇನ್ನೂ ಮೇಜಿನ ಮೇಲೇ ಇದೆ. ಆರೂವರೆ ಅಂಕೆಯ ಮೀಟರ್. 10 ವೋಲ್ಟ್ ರೇಂಜಿನಲ್ಲಿ 10 ಮೈಕ್ರೋವೋಲ್ಟ್ (ವೋಲ್ಟಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ಮೈಕ್ರೋವೋಲ್ಟ್) ತನಕ ತೋರಿಸುತ್ತದೆ. ತೋರಿಸುವುದೇನೋ ಸರಿ, ನಂಬುವುದು ಹೇಗೆ? ಸರಿಯಾಗಿ ಅಳೆಯುತ್ತದೆಯೇ ಅಂತ ಪರೀಕ್ಷಿಸಿ ಹಚ್ಚುವ ಕ್ಯಾಲಿಬ್ರೇಷನ್ ಸ್ಟಿಕರ್ 2009ರದ್ದು.

ಮೊದಲ ವಾರ ಎಡಿ584 ಮಾಡ್ಯೂಲಿನ ಜೊತೆ ಕಳೆಯಿತು. 2.5, 5, 7.5, 10 ವೋಲ್ಟ್ ಕೊಡುವ ಅಗ್ಗದ ರೆಫರೆನ್ಸ್, ಅಂದರೆ ಮೀಟರನ್ನು ಹೋಲಿಸಿ ನೋಡಲು ಗೊತ್ತಿರುವ ವೋಲ್ಟೇಜ್. ಜೊತೆಗೊಂದು ಕೈಬರಹದ ಚೀಟಿ, 10 ವೋಲ್ಟ್ ನಿಜಕ್ಕೂ ಎಷ್ಟಿದೆ ಅಂತ: 10.00512. ಮೀಟರ್ ಒಂದು ಗಂಟೆ ಬಿಸಿಯಾಗಲು ಬಿಟ್ಟು ನೋಡಿದರೆ 10.00497. 150 ಮೈಕ್ರೋವೋಲ್ಟ್ ಕಡಿಮೆ! ಮೀಟರೇ ಜಾರಿದೆ ಅಂದುಕೊಂಡು, ಅಡ್ಜಸ್ಟ್ ಮಾಡಲು ಸೆಕ್ಯೂರಿಟಿ ಕೋಡ್ ಹುಡುಕಲು ಹೊರಟಿದ್ದೆ. ಪುಣ್ಯಕ್ಕೆ ಮೊದಲು ಡೇಟಾಶೀಟ್ ತೆಗೆದೆ. ಜೆ ಗ್ರೇಡಿನ ಎಡಿ584 ಡಿಗ್ರಿಗೆ 30 ಪಿಪಿಎಂ (ಹತ್ತು ಲಕ್ಷದಲ್ಲಿ 30 ಪಾಲು) ತನಕ ಅಲುಗಾಡಬಹುದು. 10 ವೋಲ್ಟಿಗೆ ಅದು 300 ಮೈಕ್ರೋವೋಲ್ಟ್. ನಾನು ಕಂಡ ವ್ಯತ್ಯಾಸಕ್ಕೆ ಅರ್ಧ ಡಿಗ್ರಿ ಸಾಕು, ಅಲ್ವಾ? ಚೀಟಿಯಲ್ಲಿ ನೋಡಿದರೆ ಟೆಂಪರೇಚರೇ ಬರೆದಿಲ್ಲ. ಅದನ್ನು ನಂಬಿ ಮೀಟರಿಗೆ ಕೈ ಹಾಕಿದ್ದರೆ ಇದ್ದದ್ದೂ ಹೋಗುತ್ತಿತ್ತು.

ಎರಡನೇ ವಾರ ಎಲ್‌ಎಂ399 ಬಂತು, ಇನ್ನೊಂದು ರೆಫರೆನ್ಸ್ ಚಿಪ್ಪು. ಇದರ ಹೊಟ್ಟೆಯಲ್ಲೇ ಒಂದು ಹೀಟರ್ ಇದೆ. ಚಿಪ್ಪನ್ನು ಸುಮಾರು 90 ಡಿಗ್ರಿಯಲ್ಲಿ ಹಿಡಿದಿಡುತ್ತದೆ, ಹಾಗಾಗಿ ಕೋಣೆಯ ಬಿಸಿ ಏರಿಳಿದರೂ ಇದಕ್ಕೆ ಅಷ್ಟಾಗಿ ತಟ್ಟುವುದಿಲ್ಲ. ನನ್ನದು 6.951 ವೋಲ್ಟಿನ ಹತ್ತಿರ ನಿಂತಿತು. ನಿಂತಿತು ಅನ್ನುವುದು ಸ್ವಲ್ಪ ಜಾಸ್ತಿಯಾಯಿತು. ಕೊನೆಯ ಅಂಕೆ ಸುಮ್ನೆ ಇರುತ್ತಿರಲಿಲ್ಲ, ಮೂರು ನಾಲ್ಕು ಎಣಿಕೆ ಮೇಲೆ ಕೆಳಗೆ. ಬೇರೆ ಬೇರೆ ಲೋಹ ಸೇರುವ ಕಡೆ ಬಿಸಿ ಏರುಪೇರಾದರೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ, ಅದಕ್ಕೇ ನಿಕ್ಕಲ್ ಲೇಪದ ಪ್ಲಗ್ ತೆಗೆದು ಬರಿಯ ತಾಮ್ರದ ತಂತಿಯನ್ನು ನೇರ ಟರ್ಮಿನಲ್ಲಿಗೆ ಬಿಗಿದೆ. ಪ್ರಯೋಜನವಾಗಲಿಲ್ಲ. ಸೋಲ್ಡರ್ ಮತ್ತೆ ಹಾಕಿದೆ. ಊಹುಂ.

ಆಮೇಲೆ ಒಂದು ರಾತ್ರಿ ಕರೆಂಟು ಹೋಯಿತು. ಮೀಟರ್ ಯುಪಿಎಸ್ ಮೇಲಿತ್ತು, ಫ್ಯಾನ್ ಇರಲಿಲ್ಲ. ಫ್ಯಾನ್ ನಿಧಾನವಾಗಿ ನಿಲ್ಲುತ್ತಿದ್ದ ಹಾಗೇ ಅಂಕೆಯೂ ತಣ್ಣಗಾಯಿತು. ಕತ್ತಲಲ್ಲಿ ಹಸಿರು ಅಂಕೆ ಮಾತ್ರ ಕಾಣುತ್ತಿತ್ತು, ಅಲುಗದೆ. ಕರೆಂಟು ಬಂದು ಫ್ಯಾನ್ ತಿರುಗಿದ್ದೇ ಮತ್ತೆ ಕುಣಿತ ಶುರು. 399ರ ಮೇಲೆ ಬರುವ ಪ್ಲಾಸ್ಟಿಕ್ ಟೋಪಿ ನನ್ನದಕ್ಕೆ ಇರಲಿಲ್ಲ, ಹಳೇ ಬೋರ್ಡಿನಿಂದ ಕಿತ್ತದ್ದು. ಗಾಳಿ ನೇರ ಬಡಿದು ಅದರ ಕಾಲುಗಳ ಬಿಸಿ ಏರುಪೇರಾಗುತ್ತಿತ್ತು. ಒಳಗೆ ಹತ್ತಿ ತುಂಬಿ ಹಳೇ ಸ್ಟೀಲ್ ಟಿಫಿನ್ ಡಬ್ಬಿಯನ್ನು ಬೋರ್ಲು ಹಾಕಿದೆ. ಈಗ ಫ್ಯಾನ್ ಐದರಲ್ಲಿ ತಿರುಗಿದರೂ ಒಂದು ಎಣಿಕೆಗಿಂತ ಹೆಚ್ಚು ಕದಲುವುದಿಲ್ಲ.

ಅಂದಿನಿಂದ ದಿನಾ ರಾತ್ರಿ ಹತ್ತಕ್ಕೆ ಓದಿ ನೋಟ್‌ಬುಕ್ಕಿಗೆ ಬರೆಯುತ್ತಿದ್ದೇನೆ. ಅಂಕೆಗಳು ಚೆನ್ನಾಗಿವೆ. ಆದರೆ ಒಂದು ತಮಾಷೆ ಇದೆ: 34401ಎ ಒಳಗಿನ ರೆಫರೆನ್ಸ್ ಕೂಡ ಎಲ್‌ಎಂ399 ಜಾತಿಯದೇ. ಅಣ್ಣನ ಸಾಕ್ಷಿಗೆ ತಮ್ಮ ನಿಂತ ಹಾಗಾಯಿತು. ಇಬ್ಬರೂ ಒಂದೇ ಕಡೆಗೆ ಜಾರುತ್ತಿದ್ದರೆ ನನಗೆ ಗೊತ್ತೇ ಆಗುವುದಿಲ್ಲ.

ಹೊರಗಿನ ಸಾಕ್ಷಿ ಬೇಕು. ಮುಂದಿನ ವಾರ ಪೀಣ್ಯದ ಇಟಿಡಿಸಿಯಲ್ಲಿ (ಉಪಕರಣಗಳನ್ನು ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯ) ಕೇಳಬೇಕು ಅಂತಿದ್ದೇನೆ. ಏನೂ ಅಡ್ಜಸ್ಟ್ ಮಾಡುವುದು ಬೇಡ, ಈಗ ಎಷ್ಟು ತೋರಿಸುತ್ತಿದೆ ಅಂತ ಅಳೆದು ಬರೆದುಕೊಟ್ಟರೆ ಸಾಕು. ಮೀಟರ್ ಮನೆಗೆ ಬಂದ ದಿನವೇ ಡಬ್ಬಿಯೊಳಗಿನ 399 ಅಳೆದು ಹೊಸ ಪುಟ ಶುರು ಮಾಡುತ್ತೇನೆ.