ಮ್ಯಾಂಡರಿನ್ ಮೀನಿಗಿಂತ ಮೊದಲು ಅದರ ಊಟ: ಬೆಂಗಳೂರಿನ ಉಪ್ಪುನೀರಿನ ಟ್ಯಾಂಕ್, ಜನವರಿಯಿಂದ ಜುಲೈ

ಜನವರಿ

ಈ ವರ್ಷ ಟ್ಯಾಂಕ್‌ಗೆ ಒಂದೇ ಕೆಲಸ ಇಟ್ಟುಕೊಂಡಿದ್ದೇನೆ. ಒಂದು ಮ್ಯಾಂಡರಿನ್ ಮೀನು ತರಬೇಕು, ಅದು ಇಲ್ಲಿ ಹೊಟ್ಟೆ ತುಂಬ ತಿಂದು ಬಾಳಬೇಕು. ನಾಲ್ಕು ಅಡಿಯ ಟ್ಯಾಂಕ್, ಸಂಪ್ (ಟ್ಯಾಂಕ್‌ಗೆ ಜೋಡಿಸಿದ ಇನ್ನೊಂದು ಸಣ್ಣ ತೊಟ್ಟಿ) ಸೇರಿ ಸುಮಾರು 300 ಲೀಟರ್ ನೀರು. ಒಳಗೆ ಒಂದು ಜೋಡಿ ಕ್ಲೌನ್ ಮೀನು, ಒಂದು ಗೋಬಿ ಮೀನು ಇವೆ.

ಮ್ಯಾಂಡರಿನ್‌ನ ನೀಲಿ ಬಣ್ಣ ಎಲ್ಲರ ಕಣ್ಣು ಸೆಳೆಯುತ್ತದೆ. ಬೇರೆ ಮೀನುಗಳ ಚರ್ಮದಲ್ಲಿ ಸಣ್ಣ ಹರಳುಗಳಿರುತ್ತವೆ, ಅವಕ್ಕೆ ಬೆಳಕು ತಾಗಿದಾಗ ನಮಗೆ ನೀಲಿ ಕಾಣುತ್ತದೆ. ಮ್ಯಾಂಡರಿನ್ ಚರ್ಮದಲ್ಲಿ ನಿಜವಾಗಿಯೂ ನೀಲಿ ಬಣ್ಣ ತುಂಬಿದ ಕೋಶಗಳಿವೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಇದು ತೀರಾ ಅಪರೂಪ. ಮೈಮೇಲೆ ಹುರುಪೆ ಇಲ್ಲ, ಅದರ ಬದಲು ದಪ್ಪ ಲೋಳೆ ಇದೆ.

ಆದರೆ ಬಣ್ಣ ನೋಡಿ ತಂದ ಮ್ಯಾಂಡರಿನ್‌ಗಳಲ್ಲಿ ಹಸಿದು ಸಾಯುವುದೇ ಜಾಸ್ತಿ. ಜಪಾನಿನ ರ್‍ಯೂಕ್ಯೂ ದ್ವೀಪಗಳಿಂದ ಆಸ್ಟ್ರೇಲಿಯಾದವರೆಗಿನ ಹವಳದ ಸಂದಿಗಳಲ್ಲಿ ಇದು ಇಡೀ ದಿನ ಸಣ್ಣ ಸಣ್ಣ ಜೀವಿಗಳನ್ನು ಹೆಕ್ಕಿ ತಿನ್ನುತ್ತಾ ಇರುತ್ತದೆ. ಅದರಲ್ಲಿ ಮುಖ್ಯವಾದದ್ದು ಕೋಪೆಪಾಡ್, ಅಂದರೆ ಸಿಗಡಿಯ ಬಳಗದ ಚುಕ್ಕೆಯಷ್ಟು ಸಣ್ಣ ಜೀವಿ. ಸಾಕುವವರು ಇದನ್ನು ಪಾಡ್ಸ್ ಅನ್ನುತ್ತಾರೆ. ಗುಳಿಗೆ ಆಹಾರ ಹಾಕಿದರೆ ಹೆಚ್ಚಿನವು ತಿರುಗಿಯೂ ನೋಡುವುದಿಲ್ಲ. ದಿನಕ್ಕೆರಡು ಸಲ ಊಟ ಹಾಕುವ ಲೆಕ್ಕ ಈ ಮೀನಿಗೆ ನಡೆಯುವುದಿಲ್ಲ. ಹಾಗಾಗಿ ಮೊದಲು ಪಾಡ್ಸ್ ಬೆಳೆಸಬೇಕು. ಅವು ಟ್ಯಾಂಕ್‌ನಲ್ಲಿ ನೆಲೆಯಾದ ಮೇಲೆ ಮೀನು.

ಫೆಬ್ರವರಿ

ಪಾಡ್ಸ್‌ಗೆ ತಿನ್ನಲು ಹಸಿರು ಪಾಚಿನೀರು ಬೇಕು. ನ್ಯಾನೋಕ್ಲೋರಾಪ್ಸಿಸ್ ಎಂಬ ಪಾಚಿಯನ್ನು ಎರಡು ಲೀಟರ್ ಬಾಟಲಿಗಳಲ್ಲಿ ಶುರು ಮಾಡಿದೆ. ಉಪ್ಪುನೀರು, ಸ್ವಲ್ಪ ಪಾಚಿಗೊಬ್ಬರ, ಏರ್ ಪಂಪ್, ಎಲ್‌ಇಡಿ ಬೆಳಕು. ವಾರ ಕಳೆಯುವಷ್ಟರಲ್ಲಿ ನೀರು ಕಡು ಹಸಿರಾಗುತ್ತದೆ. ಅರ್ಧ ತೆಗೆದು ಬಳಸುವುದು, ಅರ್ಧಕ್ಕೆ ಹೊಸ ನೀರು ಸೇರಿಸುವುದು.

ಪಾಡ್ಸ್ ಎರಡು ಜಾತಿ ತಂದೆ. ಟಿಗ್ರಿಯೋಪಸ್ ದೊಡ್ಡದು, ಕಿತ್ತಳೆ ಬಣ್ಣ, ಬಯಲಲ್ಲೇ ಈಜುತ್ತದೆ. ಅದಕ್ಕೇ ಟ್ಯಾಂಕ್‌ನಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ, ಕ್ಲೌನ್‌ಗಳು ಹಿಡಿದು ತಿಂದುಬಿಡುತ್ತವೆ. ಟಿಸ್ಬೆ ಚಿಕ್ಕದು. ಕಲ್ಲಿನ ಸಂದಿಯಲ್ಲಿ ಸೇರಿಕೊಂಡು ಅಲ್ಲೇ ಮರಿ ಮಾಡುತ್ತದೆ. ನನ್ನ ಪ್ರಕಾರ ಮ್ಯಾಂಡರಿನ್ ಸಾಕುವವರು ಹಣ ಹಾಕಬೇಕಾದದ್ದು ಟಿಸ್ಬೆ ಮೇಲೆ. ಪಾಡ್ಸ್ ಡಬ್ಬಿಯ ಏರ್ ಪೈಪು, ಜರಡಿ, ಚಮಚ ಯಾವುದೂ ಪಾಚಿ ಬಾಟಲಿಗೆ ತಾಗಕೂಡದು. ಒಂದೇ ಒಂದು ಪಾಡ್ ಹೆಣ್ಣು ಮೊಟ್ಟೆ ಸಮೇತ ಬಾಟಲಿ ಸೇರಿದರೂ ಸಾಕು, ಆಮೇಲೆ ಅಲ್ಲಿ ಹಸಿರು ಉಳಿಯುವುದಿಲ್ಲ.

ಕಲ್ಲು ಎಲ್ಲವೂ ಸೆರಾಮಿಕ್. ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿದೆ, ಅಂದರೆ ಹುಲಿಯ ಸಾಲಿನಲ್ಲಿ. ನಮ್ಮ ಕಡಲಿನಿಂದ ಅದನ್ನು ಕಿತ್ತು ತರುವ ಮಾತೇ ಇಲ್ಲ. ಹವಳ ನೋಡುವ ಆಸೆ ಇದ್ದರೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿ ನೋಡಿ ಬರಬಹುದು, ಅಲ್ವಾ? ಸೆರಾಮಿಕ್‌ನ ತೂತುಗಳಲ್ಲೂ ಪಾಡ್ಸ್ ಚೆನ್ನಾಗಿಯೇ ಕೂರುತ್ತವೆ. ಸಂಪ್‌ನಲ್ಲಿ ಕೀಟೋ ಎಂಬ ದಾರದಂಥ ಪಾಚಿ ಹಾಕಿದ್ದೇನೆ, ಪಾಡ್ಸ್‌ಗೆ ಅದೇ ಅಡಗುತಾಣ. ಅದರ ಲೈಟ್ ರಾತ್ರಿ ಉರಿಯುತ್ತದೆ. ಮೇಲಿನ ಲೈಟ್ ಆರಿದ ಮೇಲೆ ಪಿಎಚ್ ಜಾಸ್ತಿ ಇಳಿಯದಂತೆ ಇದು ನೋಡಿಕೊಳ್ಳುತ್ತದೆ.

ಮಾರ್ಚ್, ಏಪ್ರಿಲ್

ಬೇಸಿಗೆಯ ಚಿಂತೆಯೇ ದೊಡ್ಡದು. ಬಿಸಿಲು ಏರಿದ ಹಾಗೆ ಟ್ಯಾಂಕ್ 29 ಡಿಗ್ರಿ ದಾಟಲು ನೋಡುತ್ತದೆ, ನನಗೆ ಬೇಕಾದದ್ದು 26. ಬಿಸಿಯಾದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ. ಉಪ್ಪುನೀರಿನಲ್ಲಂತೂ ಅದು ಮೊದಲೇ ಸಿಹಿನೀರಿಗಿಂತ ಕಡಿಮೆ. ಚಿಲ್ಲರ್ ಖರೀದಿಸುವ ಮುಂಚೆ ಸಂಪ್ ಮೇಲೆ ಎರಡು ಸಣ್ಣ ಫ್ಯಾನ್ ಕಟ್ಟಿದೆ. ಎರಡೂವರೆ ಡಿಗ್ರಿ ಇಳಿಯಿತು! ಬೆಂಗಳೂರಿನ ಬೇಸಿಗೆ ಗಾಳಿ ಒಣಗಾಳಿ, ನೀರು ಬೇಗ ಆವಿಯಾಗಿ ತಂಪಾಗುತ್ತದೆ. ಇದೇ ಫ್ಯಾನ್ ಕರಾವಳಿಯ ತೇವದ ಗಾಳಿಯಲ್ಲಿ ಇಷ್ಟು ಕೆಲಸ ಮಾಡುವುದಿಲ್ಲ.

ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ. ಏಪ್ರಿಲ್‌ನಲ್ಲಿ ದಿನಕ್ಕೆ ಐದಾರು ಲೀಟರ್ ಹೋಗುತ್ತಿತ್ತು. ಆ ಜಾಗಕ್ಕೆ ಉಪ್ಪುನೀರು ಹಾಕಿದರೆ ಉಪ್ಪಿನಂಶ ಏರುತ್ತಲೇ ಹೋಗುತ್ತದೆ. ಬರೀ ಆರ್‌ಓ ನೀರು ಹಾಕಬೇಕು. ಫ್ಲೋಟ್ ಸೆನ್ಸರ್ ಇಟ್ಟ ಸಣ್ಣ ಪಂಪ್ ಈ ಕೆಲಸ ತಾನೇ ಮಾಡುತ್ತದೆ. ಉಪ್ಪಿನಂಶ ಅಳೆಯುವ ರೆಫ್ರಾಕ್ಟೋಮೀಟರ್ ಸಾವಿರಕ್ಕೆ 35ರ ಗುರುತಿನಿಂದ ಅಲುಗಲಿಲ್ಲ. ಅಡುಗೆಮನೆಯ ಆರ್‌ಓ ಯಂತ್ರ ಇದಕ್ಕೆ ಸಾಲದು. ಕುಡಿಯಲು ರುಚಿ ಇರಲಿ ಎಂದು ಎಷ್ಟೋ ಯಂತ್ರಗಳು ಸ್ವಲ್ಪ ಖನಿಜ ಉಳಿಸುತ್ತವೆ. ಕೊನೆಗೆ ಉಳಿದ ಖನಿಜ ಹೀರುವ ಡಿಐ ರೆಸಿನ್ ಸೇರಿಸಿ ಟಿಡಿಎಸ್ (ಕರಗಿದ ಖನಿಜದ ಅಳತೆ) ಸೊನ್ನೆಗೆ ತಂದ ನೀರನ್ನೇ ಬಳಸುತ್ತೇನೆ.

ಮಂಗಳೂರಿನಲ್ಲಿರುವ ದೊಡ್ಡಮ್ಮನ ಮಗ ಫೋನ್ ಮಾಡಿದಾಗೆಲ್ಲ, "ಉಪ್ಪಿಗೆ ಯಾಕೆ ದುಡ್ಡು ಸುರಿಯುತ್ತೀ ಮಾರಾಯ, ಪಣಂಬೂರಿಂದ ಎರಡು ಕ್ಯಾನ್ ತುಂಬಿಸಿ ಕಳಿಸ್ತೇನೆ" ಅನ್ನುತ್ತಾನೆ. ಪ್ರೀತಿಯಿಂದಲೇ ಹೇಳುತ್ತಾನೆ. ಆದರೆ ದಡದ ಪಕ್ಕದ ನೀರಿನಲ್ಲಿ ಬಂದರಿನ ಎಣ್ಣೆ, ಊರಿನ ಕೊಳಚೆ ಸೇರಿರಬಹುದು. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ಸಿಹಿನೀರು ಸೇರಿ ಉಪ್ಪೂ ಇಳಿದಿರುತ್ತದೆ. ಇಷ್ಟು ನಾಜೂಕಾದ ಮೀನಿಗೆ ಅದು ಬೇಡ.

ಮೇ

ದೀಪ ಆರಿಸಿ ಒಂದು ಗಂಟೆ ಬಿಟ್ಟು ಟಾರ್ಚ್ ಹಿಡಿದು ನೋಡುವುದು ಈಗ ಮನೆಯವರೆಲ್ಲರ ಕೆಲಸ. ಗಾಜಿನ ಮೇಲೆ ಗಸಗಸೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು, ಎಲ್ಲವೂ ಓಡಾಡುತ್ತವೆ. ಕಲ್ಲಿನ ಮೇಲೂ ಹಾಗೇ. ಇದನ್ನು ನೋಡಿದ ಮೇಲೆಯೇ ಅಂಗಡಿಯಲ್ಲಿ ಮೀನು ಹುಡುಕಲು ಒಪ್ಪಿದೆ.

ಜೂನ್

ಆರಿಸುವಾಗ ಬಣ್ಣ ನೋಡಬಾರದು, ಹೊಟ್ಟೆ ನೋಡಬೇಕು. ತಲೆಯ ಹಿಂದೆ ಬೆನ್ನು ಒಳಗೆ ಎಳೆದಂತಿದ್ದರೆ ಆ ಮೀನು ವಾರಗಟ್ಟಲೆ ಉಪವಾಸ ಇದೆ ಅಂತ ಅರ್ಥ. ತಂದದ್ದು ಗಂಡು. ಬೆನ್ನಿನ ಮೊದಲ ರೆಕ್ಕೆಯ ಮುಳ್ಳು ಉದ್ದ ಇದೆ, ಅದೇ ಗುರುತು. ಚೀಲದ ನೀರಿಗೆ ಟ್ಯಾಂಕ್ ನೀರನ್ನು ಹನಿ ಹನಿಯಾಗಿ ಸೇರಿಸಿದೆ. ಕಡಲ ಮೀನಿನ ಮೈಯಿಂದ ನೀರು ಸದಾ ಹೊರಗೆ ಹೋಗುತ್ತಿರುತ್ತದೆ, ಅದಕ್ಕೇ ಅದು ಉಪ್ಪುನೀರು ಕುಡಿಯುತ್ತಲೇ ಇರುತ್ತದೆ. ಉಪ್ಪಿನಂಶ ಒಮ್ಮೆಲೇ ಏರಿದರೆ ದೇಹಕ್ಕೆ ತಡೆಯುವುದಿಲ್ಲ.

ಹೊಸ ಮೀನನ್ನೆಲ್ಲ ಮೊದಲು ಬೇರೆ ತೊಟ್ಟಿಯಲ್ಲಿಟ್ಟು, ರೋಗದ ಮುನ್ನೆಚ್ಚರಿಕೆಗೆ ತಾಮ್ರದ ಔಷಧ ಹಾಕುವವರಿದ್ದಾರೆ. ನಾನು ಹಾಕಲಿಲ್ಲ. ತಾಮ್ರ ಪಾಡ್ಸ್‌ನ್ನು ಕೊಲ್ಲುತ್ತದೆ, ಆಗ ಆ ತೊಟ್ಟಿಯಲ್ಲಿ ಮ್ಯಾಂಡರಿನ್‌ಗೆ ಊಟವೇ ಇಲ್ಲ. ಬರೀ ನೀರು, ಕಲ್ಲು, ದಿನವೂ ಒಂದು ಲೋಟ ಪಾಡ್ಸ್ ಕೊಟ್ಟು ಕೆಲವು ವಾರ ಬೇರೆ ಇಟ್ಟು ನೋಡಿದೆ. ಬಿಳಿ ಚುಕ್ಕೆ ರೋಗದ ಸುಳಿವಿಲ್ಲ.

ಜುಲೈ

ಈಗ ದೊಡ್ಡ ಟ್ಯಾಂಕ್‌ನಲ್ಲಿದೆ. ಎದೆಯ ಕೆಳಗಿನ ರೆಕ್ಕೆಗಳ ಮೇಲೆ ನಿಂತು, ಕಲ್ಲಿನ ಒಂದು ತೂತನ್ನೇ ದಿಟ್ಟಿಸಿ, ಟಕ್ ಅಂತ ಕುಕ್ಕುತ್ತದೆ. ಹೊಟ್ಟೆ ದುಂಡಗಿದೆ. ಕ್ಲೌನ್‌ಗಳು ಅದರ ತಂಟೆಗೆ ಹೋಗುತ್ತಿಲ್ಲ. ಕರೆಂಟ್ ಹೋದಾಗ ನೀರು ಅಲುಗಿಸುವ ವೇವ್‌ಮೇಕರ್ ಒಂದಾದರೂ ತಿರುಗುವಂತೆ ಬ್ಯಾಟರಿ ಜೋಡಿಸಿದ್ದೇನೆ.

ಜೋಡಿಗೆ ಹೆಣ್ಣು ತನ್ನಿ ಎಂದು ಹೇಳುವವರು ತುಂಬಾ ಜನ. ಸಂಜೆ ಹೊತ್ತು ಜೋಡಿ ಒಟ್ಟಿಗೆ ಮೇಲೇರಿ ಮೊಟ್ಟೆ ಬಿಡುವುದನ್ನು ಮನೆಯಲ್ಲೇ ನೋಡುವ ಆಸೆ ನನಗೂ ಬಹಳ ಇದೆ. ಆದರೆ ಈ ಟ್ಯಾಂಕ್‌ನ ಪಾಡ್ಸ್ ಎರಡು ಬಾಯಿಗೆ ಸಾಲುತ್ತವೆಯೇ ಎಂಬುದು ಇನ್ನೂ ಗೊತ್ತಾಗಿಲ್ಲ. ಮುಂದಿನ ತಿಂಗಳು ಟಿಸ್ಬೆಗೆ ಇನ್ನೊಂದು ಡಬ್ಬಿ ಶುರು ಮಾಡುತ್ತೇನೆ. ಜೊತೆಗೆ ಗಾಜಿನ ಬಟ್ಟಲಲ್ಲಿ ಫ್ರೋಜನ್ ಮೈಸಿಸ್ (ಸಿಗಡಿಯಂಥ ಸಣ್ಣ ಜೀವಿ) ಇಟ್ಟು ತಿನ್ನುವುದು ಕಲಿಸಲು ನೋಡುತ್ತೇನೆ. ಟಾರ್ಚ್ ಬೆಳಕಿನಲ್ಲಿ ಚುಕ್ಕೆಗಳು ಕಡಿಮೆಯಾಗದೆ ಉಳಿದರೆ ಮಾತ್ರ ಹೆಣ್ಣಿನ ಮಾತು.