ಡರ್ಹ್ಯಾಮ್‌ನ ಎರಡು ಬೇಸ್‌ಬಾಲ್ ಮೈದಾನ: ಹೋಗುವವರಿಗೆ ನಾಲ್ಕು ಮಾತು

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ಕ್ಯಾರಿ ಕಡೆ ಮಕ್ಕಳ ಮನೆಗೆ ಬಂದು ದೇವಸ್ಥಾನ, ಮಾಲ್ ಎಲ್ಲ ಮುಗಿಸಿ ಕೂತವರು ಒಂದು ಸಂಜೆ ಡರ್ಹ್ಯಾಮ್‌ಗೆ ಹೋಗಿ ಬನ್ನಿ. ಬೇಸ್‌ಬಾಲ್ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ನನಗೂ ಗೊತ್ತಿರಲಿಲ್ಲ.

ಸೋಮವಾರ ಮಾತ್ರ ಬೇಡ. ನಾವು ಹಾಗೆ ಹೋಗಿಯೇ ಮೋಸಹೋದೆವು. ಊರಿನ ತಂಡ ಡರ್ಹ್ಯಾಮ್ ಬುಲ್ಸ್ ಜೊತೆ ಆಡಲು ಬರುವ ಎದುರಾಳಿ ತಂಡ ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಇಲ್ಲೇ ಬೀಡುಬಿಟ್ಟು ಆರು ಪಂದ್ಯ ಆಡುತ್ತದೆ; ಸೋಮವಾರ ರಜೆ. ಬಂದ ತಪ್ಪಿಗೆ ಅಂತ ಇಪ್ಪತ್ತು ನಿಮಿಷ ನಡೆದು ಹಳೆಯ ಮೈದಾನ ಡರ್ಹ್ಯಾಮ್ ಅಥ್ಲೆಟಿಕ್ ಪಾರ್ಕ್ ನೋಡಲು ಹೋದೆವು. ಈಗ ಅನಿಸುತ್ತದೆ, ನೋಡಬೇಕಾದದ್ದೇ ಈ ಕ್ರಮದಲ್ಲಿ.

1926ರಲ್ಲಿ ಶುರುವಾದ ಮೈದಾನ ಅದು. 1939ರಲ್ಲಿ ಮರದ ಸ್ಟ್ಯಾಂಡು ಸುಟ್ಟುಹೋಗಿ ಕಾಂಕ್ರೀಟಿನದು ಎದ್ದಿತು. ಬುಲ್ಸ್ ತಂಡ 1994ರವರೆಗೆ ಆಡಿದ್ದು ಇಲ್ಲೇ. ಮುಂದೆ ದೊಡ್ಡ ಹೆಸರಾದ ಜೋ ಮಾರ್ಗನ್ 1963ರಲ್ಲಿ ಇಲ್ಲಿ ಆಡಿದ್ದ. ನಾವು ಹೋದಾಗ ಗೇಟು ಹಾಕಿತ್ತು. ಶಂಕುವಿನಾಕಾರದ ಚಾವಣಿಯ ಗೋಪುರ ನೋಡಿ, ಬೇಲಿಯಾಚೆ ಇಣುಕಿದೆವು. ತಾಲ್ಲೂಕು ಕ್ರೀಡಾಂಗಣದಷ್ಟೇ ಆಪ್ತ ಅನ್ನಿಸಿತು.

ಗುರುವಾರ ಮತ್ತೆ ಬಂದು ಹೊಸ ಮೈದಾನಕ್ಕೆ ಟಿಕೆಟ್ ತೆಗೆದೆವು. 1995ರದು; 10,000 ಜನ ಹಿಡಿಸುತ್ತದೆ. ಪಕ್ಕದಲ್ಲೇ ಹಳೆಯ ತಂಬಾಕು ಕಾರ್ಖಾನೆ; ಅದೀಗ ಆಫೀಸು, ಹೋಟೆಲುಗಳ ಜಾಗ. ಬೇಗ ಹೋದರೆ ಅಲ್ಲೇ ಹೊತ್ತು ಕಳೆಯಬಹುದು. ತಂಡಕ್ಕೆ 'ಬುಲ್ಸ್' ಹೆಸರು ಬಂದದ್ದೂ ಇಲ್ಲಿನ ಗೂಳಿ ಮುದ್ರೆಯ ತಂಬಾಕಿನಿಂದ. ಎಡಭಾಗದ ನೀಲಿ ಗೋಡೆ 32 ಅಡಿ ಎತ್ತರ. ಅದರ ಮೇಲೆ ಗೂಳಿಯ ಫಲಕ: ಬುಲ್ಸ್ ಆಟಗಾರ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಹೊಡೆದರೆ ಕಣ್ಣು ಕೆಂಪಾಗುತ್ತದೆ, ಮೂಗಿನಿಂದ ಹೊಗೆ ಬರುತ್ತದೆ, ಬಾಲ ಅಲ್ಲಾಡುತ್ತದೆ. ಚೆಂಡು ಗೂಳಿಗೆ ಬಡಿದರೆ ಆಟಗಾರನಿಗೆ ಸ್ಟೀಕ್ ಅಂದರೆ ಮಾಂಸದೂಟ, ಫಲಕದಲ್ಲೇ ಕೆಳಗಿರುವ ಹುಲ್ಲಿಗೆ ಬಡಿದರೆ ಸಲಾಡ್! ಸಸ್ಯಾಹಾರಿಗಳಾದ ನಾವು ಇಡೀ ಸಂಜೆ ಹುಲ್ಲಿನ ಕಡೆಯೇ ಇದ್ದೆವು. ಈ ಗೂಳಿ ಮೊದಲು ಹುಟ್ಟಿದ್ದು ಹಳೆಯ ಮೈದಾನದಲ್ಲಿ, ಒಂದು ಸಿನಿಮಾದ ಚಿತ್ರೀಕರಣಕ್ಕೆ. ಜನ ಅದನ್ನು ಬಿಟ್ಟುಕೊಡಲಿಲ್ಲ.

ಊಟ ಮನೆಯಲ್ಲೇ ಮುಗಿಸಿಕೊಂಡು ಹೋಗಿ. ಒಳಗೆ ನಮಗೆ ಸಿಕ್ಕಿದ್ದು ಪಾಪ್‌ಕಾರ್ನ್, ಫ್ರೆಂಚ್ ಫ್ರೈಸ್. ಟೋಪಿ ಇರಲಿ, ಜುಲೈಯಲ್ಲಿ ಸಂಜೆ ಏಳಕ್ಕೂ ಬಿಸಿಲು. ಯಾವ ಬ್ಯಾಗು ಒಳಗೆ ಬಿಡುತ್ತಾರೆ ಅಂತ ಮೊದಲೇ ನೋಡಿಕೊಳ್ಳಿ. ಬ್ಯಾಟಿಗೆ ತಾಗಿದ ಚೆಂಡು ಜನರ ನಡುವೆ ಹಾರಿ ಬರುತ್ತದೆ, ಫೋನಿನಲ್ಲಿ ಮುಳುಗಿರಬೇಡಿ. ಸಿಕ್ಕ ಚೆಂಡನ್ನು ಕ್ರಿಕೆಟ್ಟಿನ ಹಾಗೆ ವಾಪಸ್ ಎಸೆಯಬೇಕಾಗಿಲ್ಲ. ಅದು ಗೊತ್ತಿಲ್ಲದೆ ನಮ್ಮೆಜಮಾನರು ಎಸೆದೇಬಿಟ್ಟರು. ಹಿಂದಿನ ಸಾಲಿನ ಹುಡುಗ ಇನ್ನೇನು ಅಳುವುದೊಂದು ಬಾಕಿ.