ಕೆರೆಯಲ್ಲಿ 40 ಪಾಲು ನೀರು, ಬೇಕಾದ್ದು 54: ಗೇಮಿನ ಕಥೆ ಕಟ್ಟುವ ಬಗ್ಗೆ

ನಮ್ಮ ಕೋಲಾರ, ತುಮಕೂರು ಕಡೆ ಊರಹಬ್ಬಕ್ಕೆ ಕುರುಕ್ಷೇತ್ರ ನಾಟಕ ಹಾಕಿದರೆ ಜನ ಬೆಳಗಿನ ಜಾವದ ತನಕ ಕದಲುವುದಿಲ್ಲ. ದುರ್ಯೋಧನ ಸಾಯುತ್ತಾನೆ ಅನ್ನುವುದು ಮುಂದೆ ಚಾಪೆ ಹಾಸಿಕೊಂಡು ಕೂತ ಮಕ್ಕಳಿಗೂ ಗೊತ್ತು. ಆದರೂ ಕಾಯುತ್ತಾರೆ. ಗೇಮಿಗೆ ಕಥೆ ಬರೆಯಲು ಹೊರಟವರು ಇದನ್ನು ಮೊದಲು ಯೋಚಿಸಬೇಕು. ಕಥೆ ಅಂದರೆ ಕೊನೆಯ ತಿರುವು ಅಂದುಕೊಂಡು, ಆ ಒಂದು ಗುಟ್ಟನ್ನು ಬಚ್ಚಿಡುವುದರಲ್ಲೇ ತಿಂಗಳುಗಟ್ಟಲೆ ಕಳೆಯುವವರು ಬಹಳ. ಬಿಡುಗಡೆಯಾದ ದಿನವೇ ಯಾರೋ ಅದನ್ನು ಯೂಟ್ಯೂಬಿಗೆ ಹಾಕುತ್ತಾರೆ. ಗುಟ್ಟು ಬಯಲಾದ ಮೇಲೂ ಕೂರಿಸಿಕೊಳ್ಳುವ ಕಥೆ ಬೇಕು.

ಎರಡನೆಯ ತಪ್ಪು ಕವಲುಗಳದ್ದು, ಅಂದರೆ ಆಟಗಾರನ ಆಯ್ಕೆಗೆ ತಕ್ಕಂತೆ ಕಥೆ ಒಡೆದುಹೋಗುವ ದಾರಿಗಳದ್ದು. ಕವಲು ಜಾಸ್ತಿಯಾದಷ್ಟೂ ಕಥೆ ಸಂಕೀರ್ಣ ಅನ್ನುವ ನಂಬಿಕೆ. ಲೆಕ್ಕ ಹಾಕಿ ನೋಡಿ: ಹತ್ತು ಕಡೆ ಎರಡೆರಡು ಆಯ್ಕೆ ಕೊಟ್ಟು, ಯಾವ ಕವಲನ್ನೂ ಮತ್ತೆ ಕೂಡಿಸದೆ ಬಿಟ್ಟರೆ 1,024 ಮುಕ್ತಾಯಗಳು, ಒಟ್ಟು 2,047 ದೃಶ್ಯಗಳು. ದೃಶ್ಯಕ್ಕೆ 200 ಪದ ಅಂದರೂ ನಾಲ್ಕು ಲಕ್ಷ ಪದ ದಾಟುತ್ತದೆ. ಅಷ್ಟು ಬರೆದರೂ ಒಬ್ಬ ಆಟಗಾರ ಒಂದು ಸಲಕ್ಕೆ ನೋಡುವುದು 11 ದೃಶ್ಯ ಮಾತ್ರ.

ಹಾಗಾಗಿ ಎಲ್ಲರೂ ಕವಲೊಡೆಸಿ ಮತ್ತೆ ಕೂಡಿಸುತ್ತಾರೆ. 2012ರಲ್ಲಿ ಟೆಲ್‌ಟೇಲ್ ಕಂಪನಿ ತಂದ ದಿ ವಾಕಿಂಗ್ ಡೆಡ್ ಗೇಮಿನ ಮೊದಲ ಕಂತಿನಲ್ಲಿ ಡಗ್ ಮತ್ತು ಕಾರ್ಲಿ ಇಬ್ಬರಲ್ಲಿ ಒಬ್ಬರನ್ನು ಉಳಿಸಬೇಕು. ಯಾರನ್ನು ಉಳಿಸಿದರೂ ಮೂರನೇ ಕಂತಿನಲ್ಲಿ ಆ ಜೀವ ಹೋಗುತ್ತದೆ. ಮೊದಲ ಸಲ ಆಡುವಾಗ ಇದು ಮೋಸ ಅನ್ನಿಸುವುದಿಲ್ಲ, ನಡುವಿನ ಗಂಟೆಗಳನ್ನು ಕಳೆದದ್ದು ಬೇರೆ ಬೇರೆ ಮನುಷ್ಯರ ಜೊತೆ. ಎರಡನೇ ಸಲ ಆಡಿದಾಗ ಬೆಸುಗೆ ಕಣ್ಣಿಗೆ ಬೀಳುತ್ತದೆ. ಕೂಡಿಸುವುದು ತಪ್ಪಲ್ಲ, ಗುರುತು ಉಳಿಸದೆ ಕೂಡಿಸುವುದು ತಪ್ಪು. ಕವಲುಗಳು ಸೇರುವ ಪ್ರತಿ ಜಾಗದಲ್ಲೂ ಒಂದು ಮಾತಾದರೂ ಬೇರೆ ಇರಬೇಕು, ಒಬ್ಬರ ಮುಖಭಾವವಾದರೂ ಬದಲಾಗಿರಬೇಕು.

ಹಾಗಾದರೆ ಕಥೆ ಆಳವಾಗುವುದು ಎಲ್ಲಿ? ನನ್ನ ಪ್ರಕಾರ ಎರಡು ಕಡೆ. ಆಟಗಾರ ಕೈಯಾರೆ ಮಾಡುವ ಕೆಲಸವೇ ಕಥೆಯಾಗಿರಬೇಕು. ಮಾಡಿದ್ದನ್ನು ಗೇಮು ನೆನಪಿಟ್ಟುಕೊಂಡು, ಅವನು ಮರೆಯುವ ಹೊತ್ತಿಗೆ ಎದುರು ತಂದಿಡಬೇಕು.

ಮೊದಲನೆಯದಕ್ಕೆ ಲೂಕಸ್ ಪೋಪ್ ಅವರ ಪೇಪರ್ಸ್, ಪ್ಲೀಸ್ (2013) ನೋಡಿ. ನೀವು ಗಡಿಯಲ್ಲಿ ಕಾಗದಪತ್ರ ನೋಡಿ ಠಸ್ಸೆ ಒತ್ತುವ ಗುಮಾಸ್ತ. ಸರಿಯಾಗಿ ವಿಲೇವಾರಿ ಮಾಡಿದ ತಲೆಗೆ 5 ಕ್ರೆಡಿಟ್. ರಾತ್ರಿ ಮನೆ ಬಾಡಿಗೆ, ಊಟ, ಚಳಿಗೆ ಬೆಂಕಿ ಎಲ್ಲ ಅದರಲ್ಲೇ ಆಗಬೇಕು. ಒಬ್ಬ ಬರುತ್ತಾನೆ, ಕಾಗದ ಸರಿಯಿದೆ. ಹಿಂದೆ ಅವನ ಹೆಂಡತಿ, ಅವಳ ಬಳಿ ಪರವಾನಗಿ ಇಲ್ಲ. ದುಃಖದ ಸಂಗೀತ ಇಲ್ಲ, ಉದ್ದ ಭಾಷಣ ಇಲ್ಲ. ಠಸ್ಸೆ ಮಾತ್ರ ನಿಮ್ಮ ಕೈಯಲ್ಲಿದೆ. ಸಿನಿಮಾದಲ್ಲಿ ಬೇರೆಯವರು ಮಾಡಿದ್ದನ್ನು ನೋಡಿ ಅಳುತ್ತೇವೆ, ಇಲ್ಲಿ ಮಾಡಿದವರು ನಾವೇ.

ನಮ್ಮ ಕಡೆಯದೇ ಒಂದು ಉದಾಹರಣೆ ಕಟ್ಟೋಣ. ಕೋಲಾರ ಅಂದ ತಕ್ಷಣ ಎಲ್ಲರ ಮನಸ್ಸು ಚಿನ್ನದ ಗಣಿಗೆ ಹೋಗುತ್ತದೆ. ನಾನು ಕೆರೆಗೆ ಹೋಗುತ್ತೇನೆ. ಬೋರ್‌ವೆಲ್ ಬರುವ ಮುಂಚಿನ ಕಾಲ. ಆಟಗಾರ ಊರಿನ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿ ಪ್ರಕಾರ ನೀರು ಹಾಯಿಸುವುದು ಅವನ ಕೆಲಸ. ಸಂಬಳ ಇಲ್ಲ, ಸುಗ್ಗಿಯಲ್ಲಿ ಪ್ರತಿ ಮನೆಯೂ ಕಣದಲ್ಲಿ ಕೊಡುವ ಧಾನ್ಯವೇ ಕೂಲಿ. ಹೆಚ್ಚಾಗಿ ದಲಿತ ಮನೆತನಗಳಿಗೆ ಬಂದಿದ್ದ ಕೆಲಸ ಇದು. ಎಲ್ಲರ ಬೆಳೆ ಅವನ ಕೈಯಲ್ಲಿ, ಅವನ ಊಟ ಎಲ್ಲರ ಕೈಯಲ್ಲಿ. ಕಥೆಗೆ ಬೇಕಾದ ಬಿಗಿ ಆ ವೃತ್ತಿಯಲ್ಲೇ ಇದೆ, ಹೊರಗಿಂದ ವಿಲನ್ ತರಬೇಕಿಲ್ಲ.

ಈಗ ಅಂಕಿ. ಬೆಳೆ ಬತ್ತ. ಆರು ಮನೆ, ಒಂದೊಂದಕ್ಕೆ 9 ಪಾಲು ನೀರು ಬೇಕು, ಒಟ್ಟು 54. ಮಳೆ ಕೈಕೊಟ್ಟ ವರ್ಷ, ಕೆರೆಯಲ್ಲಿರುವುದು 40. ದಿನಕ್ಕೆ ಎರಡು ಪಾಲಿನಂತೆ 20 ದಿನದ ಆಟ. 8 ಪಾಲಿಗಿಂತ ಕಡಿಮೆ ಕುಡಿದ ಗದ್ದೆಯಲ್ಲಿ ತೆನೆ ಜೊಳ್ಳಾಗುತ್ತದೆ. 40ನ್ನು 8ರಿಂದ ಭಾಗಿಸಿ: ಸರಿಯಾಗಿ ಐದು ಮನೆ ಉಳಿಯುತ್ತವೆ, ಆರನೆಯದು ಮುಳುಗುತ್ತದೆ. ನ್ಯಾಯವಾಗಿ ಸಮಪಾಲು ಹಂಚಿದರೆ ಮನೆಗೆ ಏಳು ಪಾಲೂ ಪೂರ್ತಿ ಬರುವುದಿಲ್ಲ, ಆರು ಮನೆಯೂ ಮುಳುಗುತ್ತವೆ. ಈ ಲೆಕ್ಕವನ್ನು ಎಲ್ಲೂ ಬರೆದು ತೋರಿಸಬಾರದು. ಎಂಟನೆಯ ಅಥವಾ ಒಂಬತ್ತನೆಯ ದಿನ ಆಟಗಾರನೇ ಬೆರಳು ಮಡಚಿ ಎಣಿಸಿ ಕಂಡುಕೊಳ್ಳಬೇಕು. ಆ ಗಳಿಗೆಯೇ ಈ ಗೇಮಿನ ತಿರುವು, ಯಾವ ಯೂಟ್ಯೂಬ್ ವಿಡಿಯೋ ನೋಡಿದ್ದರೂ ಅದು ಸವೆಯುವುದಿಲ್ಲ.

ನೀರು 54 ಇಟ್ಟರೆ ಕಥೆಯೇ ಇಲ್ಲ. 20 ಇಟ್ಟರೆ ಏನು ಮಾಡಿದರೂ ಅಷ್ಟೇ ಎಂದು ಆಟಗಾರ ಕೈಚೆಲ್ಲುತ್ತಾನೆ. ಬೇಕಾದ್ದರಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಇರಲಿ. ಕಾಲುವೆಯಲ್ಲಿ ಇಂಗುವ ನೀರು, ಏರಿಯಲ್ಲಿ ಏಡಿ ಕೊರೆದ ಬಿಲ, ಹೂಳು, ಇವೆಲ್ಲ ಸೇರಿಸುವ ಆಸೆ ಬರುತ್ತದೆ. ಬೇಡ. ಲೆಕ್ಕ ತಲೆಯಲ್ಲಿ ಹಿಡಿಯುವಷ್ಟಿದ್ದರೇ ಮನಸ್ಸು ಮನುಷ್ಯರ ಕಡೆ ಹೋಗುತ್ತದೆ.

ಇನ್ನು ನೆನಪಿನ ವಿಷಯ. ಆಯ್ಕೆಯ ಫಲ ತಕ್ಷಣ ಕಂಡರೆ ಆಟಗಾರ ಹಿಂದೆ ಉಳಿಸಿಟ್ಟ ಆಟವನ್ನು (ಸೇವ್) ತೆರೆದು ಬದಲಿಸಿಬಿಡುತ್ತಾನೆ. ದಿ ವಿಚರ್ ಸರಣಿಯವರು 2007ರ ಮೊದಲ ಗೇಮಿನಲ್ಲೇ ಫಲವನ್ನು ಗಂಟೆಗಟ್ಟಲೆ ಮುಂದೂಡಿದ್ದು ಇದಕ್ಕೇ. ಆದರೆ ಬರೀ ಮುಂದೂಡಿದರೆ ಇನ್ನೊಂದು ತೊಂದರೆ: ತಾನು ಮಾಡಿದ್ದೇ ಮರೆತುಹೋಗಿ, ಬಂದ ಫಲ ಎಲ್ಲಿಂದಲೋ ಬಂದು ಬಿದ್ದಂತೆ ಕಾಣುತ್ತದೆ. ಆದ್ದರಿಂದ ಒಂದೊಂದು ಎಳೆಯನ್ನೂ ಮೂರು ಸಲ ಮುಟ್ಟಬೇಕು. ಆರನೇ ದಿನ ರಾತ್ರಿ ಆರು ಮನೆಯವರಲ್ಲಿ ಒಬ್ಬಳಾದ ನಾರಾಯಣಮ್ಮ ಬಂದು, ಬತ್ತ ಹೊಡೆಗೆ ಬಂದಿದೆ, ಒಂದು ಗಳಿಗೆ ತೂಬು ತೆಗಿ ಅನ್ನುತ್ತಾಳೆ. ತೆಗೆದರೆ ಮಾರನೇ ದಿನದ ಎರಡು ಪಾಲಿನಲ್ಲಿ ಒಂದು ಕಡಿತ, ಯಾರೂ ಏನೂ ಅನ್ನುವುದಿಲ್ಲ. ಹನ್ನೊಂದನೇ ದಿನ ಟೀ ಅಂಗಡಿಯಲ್ಲಿ ಮೇಲಿನ ಗದ್ದೆಯ ಚೌಡಪ್ಪನ ಮಗ ಎಲ್ಲೋ ನೋಡುತ್ತಾ, "ಅವತ್ತು ರಾತ್ರಿ ನೀರು ಹರಿದಂಗೆ ಸದ್ದು ಬಂತಪ್ಪ" ಅನ್ನುತ್ತಾನೆ, ಅಷ್ಟೇ. ಹದಿನಾರನೇ ದಿನ ಅರಳಿಕಟ್ಟೆಯ ಪಂಚಾಯ್ತಿಯಲ್ಲಿ ಅದೇ ಹುಡುಗ ಎದ್ದು ನಿಲ್ಲುತ್ತಾನೆ. ಹನ್ನೊಂದನೇ ದಿನದ ಆ ಒಂದು ಸಾಲು ತೆಗೆದುಬಿಟ್ಟರೆ ಹದಿನಾರನೆಯ ದಿನದ ದೃಶ್ಯ ಅನ್ಯಾಯ ಅನ್ನಿಸುತ್ತದೆ, ಇದ್ದರೆ ಎದೆ ಧಸಕ್ಕೆನ್ನುತ್ತದೆ.

ಸಂಬಂಧ ಕೆಟ್ಟಿತೋ ಕೂಡಿತೋ ತೋರಿಸಲು ಬೇರೆ ಭಾಷೆಯ ಗೇಮುಗಳಲ್ಲಿ ಹೃದಯದ ಚಿಹ್ನೆ, ಪಟ್ಟಿ, ಅಂಕ ಎಲ್ಲ ಹಾಕುತ್ತಾರೆ. ಕನ್ನಡಕ್ಕೆ ಅದರ ಅಗತ್ಯವೇ ಇಲ್ಲ, ನಮ್ಮ ಕ್ರಿಯಾಪದದ ಬಾಲದಲ್ಲೇ ಅದಿದೆ. ಮೇಲಿನ ಗದ್ದೆಯ ಚೌಡಪ್ಪ ಮೊದಲ ದಿನ ಜಗಲಿಯಿಂದ ಇಳಿಯದೆ ಕೇಳುತ್ತಾನೆ:

"ಏನ್ಲಾ, ತೂಬು ತೆಗ್ದಾ?"

ಕೆರೆಯ ನೀರು ಅರ್ಧಕ್ಕೆ ಇಳಿದ ದಿನ ಅದೇ ಜಗಲಿಯಿಂದ:

"ಬಾರಪ್ಪ, ಕೂತ್ಕ. ಕಾಪಿ ಕುಡೀತೀಯಾ? ನಮ್ಮ ಕಡೇಕೂ ಒಂದೀಟು ನೀರು ಬುಡಪ್ಪ."

ಅವನಿಗೆ ಬುದ್ಧಿ ಬಂದಿಲ್ಲ, ನೀರು ಬೇಕಾಗಿದೆ. ವಿವರಿಸುವುದು ಬೇಡ, ಓದುವವರಿಗೆ ಗೊತ್ತಾಗುತ್ತದೆ. ಪ್ರತಿ ಪಾತ್ರಕ್ಕೂ ಆಟಗಾರನನ್ನು ಕರೆಯುವ ಮೂರು ರೀತಿ ಮೊದಲೇ ಬರೆದಿಟ್ಟುಕೊಳ್ಳಿ: ಮಾಮೂಲಿನದು, ಬೇಕಾದಾಗಿನದು, ಮುನಿಸಿನದು. ನಮ್ಮ ಗಡಿ ತಾಲ್ಲೂಕುಗಳಲ್ಲಾದರೆ ಇನ್ನೊಂದು ಪದರ ಸಿಗುತ್ತದೆ. ನಿಮ್ಮ ಹತ್ತಿರ ಕನ್ನಡ ಮಾತಾಡುತ್ತಿದ್ದವರು ಪಕ್ಕದವರ ಕಡೆ ತಿರುಗಿ ತೆಲುಗಿಗೆ ಇಳಿದರೆ ಆ ಮಾತು ನಿಮಗಲ್ಲ ಎಂದರ್ಥ.

ಕನ್ನಡದಲ್ಲಿ ಮಾಡುವಾಗ ಎಡವುವ ಜಾಗಗಳೂ ಇವೆ. ಇಂಗ್ಲಿಷಿನಲ್ಲಿ ಮಾಡುವಂತೆ ವಾಕ್ಯದ ನಡುವೆ ಹೆಸರನ್ನು ತುರುಕಿ ಪಕ್ಕದಲ್ಲಿ "ಗೆ" ಅಂಟಿಸಿದರೆ ರವಿಗೆ ಸರಿ, ಮುನಿಯಪ್ಪಗೆ ಅನ್ನುವುದು ಸಂಭಾಷಣೆಯಲ್ಲಿ ಒಪ್ಪುವುದಿಲ್ಲ, ಮುನಿಯಪ್ಪನಿಗೆ ಆಗಬೇಕು. ಪ್ರತಿ ಹೆಸರಿನ ವಿಭಕ್ತಿ ರೂಪಗಳನ್ನು ಬೇರೆ ಬೇರೆಯಾಗಿ ಉಳಿಸಿಕೊಳ್ಳಿ, ಬಂದನು, ಬಂದಳು, ಬಂದರು ಕೂಡ. ಮಾತು ಒಂದೊಂದೇ ಅಕ್ಷರವಾಗಿ ಮೂಡುವಂತೆ ಮಾಡಿದರೆ ಒತ್ತಕ್ಷರ ಒಡೆಯುತ್ತದೆ: "ಸ್ತ್ರೀ" ನಮಗೆ ಒಂದು ಅಕ್ಷರ, ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡಿಗೆ ಆರು ಸಂಕೇತ. ಆರು ಹಂತದಲ್ಲಿ ಅದು ಮೂಡುವುದನ್ನು ನೋಡಲಾಗುವುದಿಲ್ಲ. ಪೂರ್ಣ ಅಕ್ಷರ ಅಥವಾ ಪೂರ್ಣ ಪದ ಮೂಡಿಸಿ. ಗೇಮು ಕಟ್ಟುವ ತಂತ್ರಾಂಶಗಳಲ್ಲಿ, ಯೂನಿಟಿಯ ಅಕ್ಷರ ಮೂಡಿಸುವ ಭಾಗವಾದ ಟೆಕ್ಸ್ಟ್‌ಮೆಶ್ ಪ್ರೋ ಕನ್ನಡದ ಒತ್ತುಗಳನ್ನು ತಾನಾಗಿ ಜೋಡಿಸುವುದಿಲ್ಲ, ಗೊಡೋ 4 ಜೋಡಿಸುತ್ತದೆ. ಮೊದಲ ಸಲ ಮಾಡುವವರಿಗೆ ಆಯ್ಕೆಯ ಕಥೆ ಕಟ್ಟುವ ಟ್ವೈನ್ ತಂತ್ರಾಂಶ ಸಾಕು. ಅದು ಬ್ರೌಸರ್‌ನಲ್ಲೇ ಓಡುವುದರಿಂದ ಅಕ್ಷರದ ಚಿಂತೆ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ಆಯ್ಕೆಯ ಕಥೆ. ಆಯ್ಕೆಯೇ ಇಲ್ಲದೆ, ಮುಗಿದುಹೋದ ಘಟನೆಯನ್ನು ಆಟಗಾರ ಹೆಕ್ಕಿ ಜೋಡಿಸುವ ಬಗೆಯೂ ಇದೆ. ಪೋಪ್ ಅವರದೇ ರಿಟರ್ನ್ ಆಫ್ ದಿ ಒಬ್ರಾ ಡಿನ್ (2018) ಗೇಮಿನಲ್ಲಿ ಹಡಗಿನ 60 ಜನರಿಗೆ ಏನಾಯಿತೆಂದು ಪತ್ತೆ ಮಾಡಬೇಕು. ಮೂರು ಉತ್ತರ ಸರಿಯಾದಾಗ ಮಾತ್ರ ಗೇಮು ಖಚಿತಪಡಿಸುತ್ತದೆ. ಒಂದೊಂದಕ್ಕೇ ಹೇಳಿಬಿಟ್ಟರೆ ಜನ ಊಹೆಯಲ್ಲೇ ದಾಟಿಬಿಡುತ್ತಾರೆ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗೆ ಈ ಬಗೆ ಹೇಳಿ ಮಾಡಿಸಿದಂತಿದೆ. ಯಾರಾದರೂ ಮಾಡಬೇಕು.

ಮತ್ತೆ ಕೆರೆಗೆ. ಮುಕ್ತಾಯ ಕೆಡುವುದು ಇಡೀ ಆಟದ ನೆನಪನ್ನು ಕೊನೆಯ ಒಂದು ಆಯ್ಕೆ ನುಂಗಿಹಾಕಿದಾಗ. ಮಾಸ್ ಎಫೆಕ್ಟ್ 3 ಬಂದ 2012ರ ಮಾರ್ಚ್‌ನಲ್ಲಿ ಆಟಗಾರರು ರೇಗಿದ್ದು ಇದಕ್ಕೇ. ಮೂರು ಗೇಮುಗಳ ಉದ್ದಕ್ಕೂ ಮಾಡಿದ್ದೆಲ್ಲ ಕೊನೆಗೆ ಮೂರು ದಾರಿಗೆ ಬಂದು ನಿಂತಿತು, ಜೂನ್‌ನಲ್ಲಿ ಮುಕ್ತಾಯವನ್ನು ವಿಸ್ತರಿಸಿ ಕೊಡಬೇಕಾಯಿತು. ನಮ್ಮ ಗೇಮಿನ ಕೊನೆಯಲ್ಲಿ ಹೊಸ ಆಯ್ಕೆ ಬೇಡ. ಸುಗ್ಗಿ, ಕಣ, ನೀರುಗಂಟಿ ಗೋಣಿ ಹಿಡಿದು ಆರು ಮನೆಗೂ ಹೋಗುತ್ತಾನೆ. ಯಾರು ಎಷ್ಟು ಮೊರ ಸುರಿಯುತ್ತಾರೆ, ಹೇಗೆ ಸುರಿಯುತ್ತಾರೆ, ಯಾರು ಬಾಗಿಲು ತೆರೆಯುವುದಿಲ್ಲ, ಅದೇ ಮುಕ್ತಾಯ. ಆರು ಮನೆಗೆ ಮೂರು ಮೂರು ರೀತಿ ಬರೆದರೆ 18 ಚಿಕ್ಕ ದೃಶ್ಯ ಸಾಕು. ಅವು ಕೂಡುವ ಬಗೆ ಮಾತ್ರ 729.

ಪರೀಕ್ಷೆ ಮಾಡುವಾಗ ಒಂದು ಸ್ಪ್ರೆಡ್‌ಶೀಟ್ ಇಡಿ: ಗೇಮು ನೆನಪಿಡುವ ಪ್ರತಿ ಸಂಗತಿಗೂ ಒಂದು ಸಾಲು, ಅದು ಎಲ್ಲಿ ಬದಲಾಗುತ್ತದೆ, ಎಲ್ಲಿ ಬಳಕೆಯಾಗುತ್ತದೆ ಎಂದು ಎರಡು ಕಾಲಂ. ಬದಲಾಗಿ ಎಲ್ಲೂ ಬಳಕೆಯಾಗದ್ದನ್ನು ಅಳಿಸಿ. ಊರು ಬಿಟ್ಟುಹೋದವರು ಪಂಚಾಯ್ತಿಯಲ್ಲಿ ಬಂದು ಮಾತಾಡುವ ತಪ್ಪುಗಳೂ ಇಲ್ಲೇ ಸಿಕ್ಕಿಬೀಳುತ್ತವೆ. ಕಂಪ್ಯೂಟರ್ ಕೈಲಿ ಮನಬಂದಂತೆ ಸಾವಿರ ಸಲ ಆಡಿಸಿ ಯಾವ ದೃಶ್ಯ ಒಂದು ಸಲವೂ ಬರಲಿಲ್ಲ ನೋಡಿ. ಐದು ಮನೆ ಉಳಿಯುವ ಸುಗ್ಗಿ ಹಾಗೆ ಆಡಿದರೆ ಬರುವುದೇ ಕಷ್ಟ. ಎಂಟೆಂಟು ಪಾಲು ಗುರಿಯಿಟ್ಟು ಕೊಟ್ಟರೇ ಅದು ಬರುವುದು, ಅದನ್ನು ಕೈಯಲ್ಲೇ ಆಡಿ ನೋಡಬೇಕು.

ಆಮೇಲೆ ಗೇಮು ಆಡದ ಯಾರಿಗಾದರೂ ಫೋನ್ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂರಿ, ವಿವರಿಸಬೇಡಿ. ಎಲ್ಲಿ ಬೆರಳು ನಿಂತಿತು, ಅಲ್ಲಿ ಗುರುತು ಹಾಕಿ. ಮಾರನೇ ದಿನ ಯಾವ ಮನೆಯವರ ಹೆಸರು ನೆನಪಿದೆ ಎಂದು ಕೇಳಿ. ನೀರು ಬಿಡದ ಮನೆಯ ಹೆಸರು ಅವರ ಬಾಯಿಗೆ ಬರದಿದ್ದರೆ ಆ ಮನೆಯ ಮಾತುಗಳನ್ನು ಮತ್ತೆ ಬರೆಯಿರಿ.